ಮೂರನೆಯ ಮಡಿಕೆ

ಬರ್ಮಿಂಗ್‌ಹ್ಯಾಮ್
೨೩ ಸೆಪ್ಟೆಂಬರ್ ೧೯೬೨, ಭಾನುವಾರ

ಅಣ್ಣ, ಅಮ್ಮ, ಅತ್ತಿಗೆ ಮೂವರಿಗೂ ನಮಸ್ಕಾರ.

ಹೊಸ ಮನೆಗೆ ಬಂದು ಹದಿನೈದು ದಿನವಾಯಿತು. ಮನೆ ಎಂದರೆ ಒಂದೇ ಕೋಣೆ, ಎರಡನೆಯ ಮಹಡಿಯಲ್ಲಿ, ಹಿಂಭಾಗಕ್ಕೆ. ಅಡುಗೆ ಹೊರಗೆ ಮೆಟ್ಟಿಲ ಪಕ್ಕದಲ್ಲಿ, ಇನ್ನೊಂದು ಸಂಸಾರದ ಜೊತೆ ಸರದಿಯಲ್ಲಿ. ಒಂದು ಕಿಟಕಿ ಇದೆ, ಸರಿಯಾಗಿ ಮುಚ್ಚುವುದಿಲ್ಲ, ಬೆರಳು ತೂರುವಷ್ಟು ಸಂದು. ಗೋಡೆಯಲ್ಲಿ ಗ್ಯಾಸಿನ ಒಲೆ ಇದೆ. ಅದು ಅಡುಗೆಗಲ್ಲ, ಮೈ ಕಾಯಿಸಿಕೊಳ್ಳುವುದಕ್ಕೆ. ಚಳಿ ಬಂದ ಮೇಲೆ ಹೊತ್ತಿಸುತ್ತಾರಂತೆ. ಇವರು ಬೆಳಿಗ್ಗೆ ಏಳಕ್ಕೆ ಕಾರ್ಖಾನೆಗೆ ಹೋದರೆ ಸಂಜೆ ಆರಕ್ಕೆ ಬರುತ್ತಾರೆ. ಯಶವಂತಪುರದಲ್ಲಿ ಮಾಡುತ್ತಿದ್ದ ಲೇತ್ ಕೆಲಸವೇ, ಯಂತ್ರ ಮಾತ್ರ ದೊಡ್ಡದು ಎನ್ನುತ್ತಾರೆ. ತರಬೇತಿ ಮುಗಿಯಲು ಇನ್ನು ಒಂದೂವರೆ ವರ್ಷ.

ಶನಿವಾರ, ಭಾನುವಾರ ರಜ. ನಿನ್ನೆ ಬಸ್ಸಿನಲ್ಲಿ ಒಂದು ಬೆಟ್ಟಕ್ಕೆ ಹೋಗಿದ್ದೆವು. ನಂದಿ ಬೆಟ್ಟದ ಕಾಲು ಭಾಗವೂ ಇಲ್ಲ, ಆದರೂ ಮುದುಕರೆಲ್ಲ ಕೋಲು ಹಿಡಿದು ಹತ್ತುತ್ತಿದ್ದರು. ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಒಬ್ಬ ಹೆಂಗಸು ಬಂದು, ಅದೇಕೆ ಅಷ್ಟು ಹಳದಿ ಎಂದು ಕೇಳಿದಳು. ಇವರು ಅವಳಿಗೆ ಅರಿಸಿನದ ಪಾಠ ಹೇಳಿದರು.

ಅಣ್ಣ, ಮೂರು ಮಡಿಕೆಯಾಗಿ ಮಡಿಸಿ ಅಂಟಿಸುವ ಈ ವಿಮಾನದ ಕಾಗದದೊಳಗೆ ಬೇರೆ ಚೀಟಿ ಇಡಬಾರದೆಂದು ಅಂಚೆಯವರು ಅಚ್ಚು ಹಾಕಿದ್ದಾರೆ. ಅದಕ್ಕೇ ಒಂದು ನಿಯಮ ಮಾಡಿದ್ದೇನೆ. ಮೊದಲ ಎರಡು ಮಡಿಕೆ ನೀನು ಅಮ್ಮನಿಗೆ ಓದು. ಮೂರನೆಯ ಮಡಿಕೆ ಅತ್ತಿಗೆಗೆ ಮಾತ್ರ. ನೀನು ನೋಡಬಾರದು, ಆಣೆ.

ನಿನ್ನ ತಂಗಿ
ವೆಂಕಟಲಕ್ಷ್ಮಿ

(ಮೂರನೆಯ ಮಡಿಕೆ)
ಅತ್ತಿಗೆ, ಬರೆಯುವಂಥದ್ದು ಏನೂ ಇಲ್ಲ. ಅಣ್ಣನನ್ನು ಕಾಡಿಸಲು ನಿಯಮ ಮಾಡಿದೆ. ಇಲ್ಲಿ ವಾರದಲ್ಲಿ ಐದು ದಿನ ಮಾತಾಡಲು ಯಾರೂ ಇಲ್ಲ.


ಕೋಗಿಲು
೧೦ ಅಕ್ಟೋಬರ್ ೧೯೬೨

ಚಿ. ಸೌ. ವೆಂಕಟಲಕ್ಷ್ಮಿಗೆ ಆಶೀರ್ವಾದ.

ಪತ್ರ ಒಂಬತ್ತು ದಿನಕ್ಕೆ ತಲುಪಿತು. ನಾನು ಹೆಬ್ಬಾಳದ ಕೃಷಿ ಫಾರಂನಲ್ಲಿ ದಿನವೂ ಮಳೆ, ಶಾಖ ಅಳೆದು ಬರೆಯುವವನು. ಆದ್ದರಿಂದ ಅಲ್ಲಿಯ ಶಾಖ ಎಷ್ಟು ಡಿಗ್ರಿ ಫ್ಯಾರನ್‌ಹೀಟ್ ಎಂದು ತಪ್ಪದೆ ಬರೆ. 'ತುಂಬಾ ಚಳಿ' ಎಂದರೆ ನನಗೆ ಅರ್ಥವಾಗುವುದಿಲ್ಲ.

ನಿನ್ನ ಅತ್ತಿಗೆ ತನ್ನ ತವರು ವಿಜಯಪುರದ ಕೆಲಸವನ್ನು ಇಲ್ಲಿಗೂ ತಂದಿದ್ದಾಳೆ. ರೇಷ್ಮೆ ಹುಳ ಸಾಕಲು ಹಿತ್ತಿಲಲ್ಲಿ ತಾರಸಿಯ ಒಂದು ಕೋಣೆ ಕಟ್ಟಿಸಿದೆ. ಅಮ್ಮ ಅದರೊಳಗೆ ಕಾಲಿಟ್ಟಿಲ್ಲ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

"ಎಂಕ್ಟಿ, ಅನ್ನ ಕಟ್ಕೊಂಡು ಬೆಟ್ಟ ಅತ್ತಾಕೆ ನೀನೇನು ದನ ಮೇಸೋಳಾ? ಗಂಡನ್ ಜತೆ ಓಗ್ತೀಯ, ಓಗು. ಸಿಕ್ಕಿದ್ ಕಡೆ ನೀರ್ ಕುಡೀಬೇಡ. ಉಳ ಸಾಕೋ ಮನೇಲಿ ನಾನಿದ್ದೀನಿ, ನಂಗೆ ಅಸಯ್ಯ ಆಗ್ತದೆ, ನಿಮ್ಮಣ್ಣಂಗೆ ಏಳಿದ್ರೆ ಬರ್ಕೊತಾನೆ ಒರ್ತು ಕೇಳಲ್ಲ."

ಮೂರನೆಯ ಮಡಿಕೆ ನೋಡಿಲ್ಲ. ನೋಡುವುದೂ ಇಲ್ಲ.

ಲಕ್ಕಣ್ಣ


ಬರ್ಮಿಂಗ್‌ಹ್ಯಾಮ್
೪ ನವೆಂಬರ್ ೧೯೬೨, ಭಾನುವಾರ

ಅಣ್ಣನಿಗೆ ನಮಸ್ಕಾರ.

ಗಡಿಯ ಯುದ್ಧದ ಸುದ್ದಿ ಇಲ್ಲಿಯ ಪತ್ರಿಕೆಯಲ್ಲೂ ಬರುತ್ತಿದೆ. ಯಲಹಂಕದ ವಿಮಾನಗಳ ಸದ್ದಿಗೆ ಅಮ್ಮ ಹೆದರುತ್ತಾಳೋ ಏನೋ. ನೀನು ಕೇಳಿದ ಲೆಕ್ಕ: ಇವತ್ತು ಮಧ್ಯಾಹ್ನ ನಲವತ್ತೆರಡು ಡಿಗ್ರಿ. ಗ್ಯಾಸಿನ ಒಲೆ ಹೊತ್ತಿಸಿ ಮೂರು ವಾರವಾಯಿತು. ಪಕ್ಕದ ಡಬ್ಬಿಗೆ ಶಿಲ್ಲಿಂಗ್ ನಾಣ್ಯ ಹಾಕಿದಷ್ಟು ಹೊತ್ತು ಉರಿಯುತ್ತದೆ. ಕೆಳಗಿನವರ ಒಲೆ ನೀಲಿಯಾಗಿ ಉರಿಯುತ್ತದೆ, ನಮ್ಮದು ಹಳದಿ, ದೇವರ ಮುಂದಿನ ದೀಪದ ಹಾಗೆ. ನನಗೆ ನಮ್ಮದೇ ಚೆಂದ. ಒಲೆಯ ಮೇಲಿನ ಗೋಡೆ ಮಾತ್ರ ಕಪ್ಪಗಾಗಿದೆ. ಮನೆಯೊಡತಿಯನ್ನು ಕರೆದು ತೋರಿಸಿದೆವು. ಹೊಗೆಗೂಡಿನೊಳಗೆ ಹಕ್ಕಿ ಗೂಡು ಕಟ್ಟಿರಬಹುದು, ಬೇಸಿಗೆಯಲ್ಲಿ ತೆಗೆಸೋಣ ಎಂದಳು.

ನಿನ್ನೆ ರೈಲಿನಲ್ಲಿ ಹೊಳೆಯ ದಡದ ಒಂದು ಊರಿಗೆ ಹೋಗಿದ್ದೆವು. ಹಂಸಗಳು ಮನುಷ್ಯರ ಕೈಯಿಂದಲೇ ರೊಟ್ಟಿ ಕಿತ್ತುಕೊಳ್ಳುತ್ತವೆ. ಒಂದು ಹಂಸ ಇವರ ಕೋಟಿನ ಗುಂಡಿಯನ್ನು ಹಿಡಿದು ಬಿಡಲೇ ಇಲ್ಲ. ನಾನು ನಕ್ಕು ನಕ್ಕು ಬೆಂಚಿನ ಮೇಲೆ ಕೂತುಬಿಟ್ಟೆ. ದೋಣಿಯಲ್ಲೂ ಒಂದು ಗಂಟೆ ಸುತ್ತಿದೆವು.

ವೆಂಕಟಲಕ್ಷ್ಮಿ

(ಮೂರನೆಯ ಮಡಿಕೆ)
ಅತ್ತಿಗೆ, ಈ ಸಲ ವಿಷಯವಿದೆ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ಮಧ್ಯಾಹ್ನ ಒಲೆಯ ಮುಂದೆ ಕೂತರೆ ಕಣ್ಣು ಕತ್ತಲೆ ಬಂದು ಅಲ್ಲೇ ಮಲಗಿಬಿಡುತ್ತೇನೆ. ತಿಂಗಳೂ ಹದಿನೆಂಟು ದಿನ ಮೀರಿದೆ. ವಿಚಿತ್ರವೆಂದರೆ ಶನಿವಾರ, ಭಾನುವಾರ ತಿರುಗಾಡಲು ಹೋದಾಗ ಏನೂ ಇಲ್ಲ, ಹಸಿವೂ ಆಗುತ್ತದೆ. ಮತ್ತೆ ಸೋಮವಾರ ಅದೇ. ಕನ್ನಡಿಯಲ್ಲಿ ನೋಡಿಕೊಂಡರೆ ಕೆನ್ನೆ ಇಲ್ಲಿಯವರ ಹಾಗೆ ಕೆಂಪಾಗಿದೆ. ಇವರಿಗೆ ಇನ್ನೂ ಹೇಳಿಲ್ಲ. ಡಾಕ್ಟರು ಗಂಡಸು, ನಾಚಿಕೆ. ಅಮ್ಮನನ್ನು ಕೇಳಿ ಹೇಳಿ.


ಕೋಗಿಲು
೧೮ ನವೆಂಬರ್ ೧೯೬೨

ಚಿ. ಸೌ. ವೆಂಕಟಲಕ್ಷ್ಮಿಗೆ ಆಶೀರ್ವಾದ.

ಹಂಸದ ವಿಷಯ ಓದಿ ಅಮ್ಮ ನಕ್ಕಳು. ಆಮೇಲೆ ನಿನ್ನ ಅತ್ತಿಗೆ ಒಳಗೆ ಹೋಗಿ ಅಕ್ಷರ ಕೂಡಿಸಿಕೊಂಡು ತನ್ನ ಮಡಿಕೆಯನ್ನು ಓದಿ, ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅಮ್ಮ ಎದ್ದು ನಿಂತು ಮುನೇಶ್ವರನಿಗೆ ಕೈಮುಗಿದಳು. ಸೂಲಗಿತ್ತಿ ದೊಡ್ಡಮುನಿಯಮ್ಮನಿಗೆ ಹೇಳಿ ಕಳಿಸಿದಳು. ನನಗೆ "ಒಳ್ಳೇ ಸುದ್ದಿ" ಎಂದಷ್ಟೇ ಹೇಳಿದ್ದಾರೆ. ಊಹಿಸಿಕೊಂಡಿದ್ದೇನೆ, ಸಂತೋಷ. ಮುಂದಿನದು ಅಮ್ಮನ ಮಾತು:

"ಎಂಕ್ಟಿ, ಕೆನ್ನೆ ಕೆಂಪಗಾದ್ರೆ ಗಂಡು ಅಂತಾಳೆ ದೊಡ್ಡಮುನಿಯಮ್ಮ. ಇನ್ಮೇಲೆ ರೈಲು, ಒಳೆ, ದೋಣಿ ಎಲ್ಲಾ ಸಾಕು. ಒಸ್ಲು ದಾಟ್ಬೇಡ. ಗಾಳಿ ಒಳ್ಳೇದಲ್ಲ. ಕಿಟ್ಕಿ ಸಂದೀಗೆಲ್ಲ ಬಟ್ಟೆ ತುರ್ಕು. ಬೆಂಕಿ ಮುಂದೆ ಬೆಚ್ಚಗೆ ಬಿದ್ಕೊ. ನಿನ್ನ ಎತ್ತಾಗ ನಾನು ಮೂರು ತಿಂಗ್ಳು ಸೂರ್ಯನ್ ಮಕ ನೋಡ್ಲಿಲ್ಲ, ಅದ್ಕೇ ನೀನ್ ಉಳ್ದಿದ್ದು. ನಿನ್ ಮುಂಚೆ ಎರಡು ಓದ್ವು, ನೆನಪಿಟ್ಕೊ. ಡಾಕ್ಟ್ರು ಗೀಕ್ಟ್ರು ಐದು ತುಂಬಿದ್ ಮೇಲೆ ನೋಡಾನ."

ಹೇಳಿದ ಹಾಗೇ ಬರೆದಿದ್ದೇನೆ. ಹಿರಿಯರ ಅನುಭವ, ಕೇಳು.

ಲಕ್ಕಣ್ಣ


ಬರ್ಮಿಂಗ್‌ಹ್ಯಾಮ್
೧೬ ಡಿಸೆಂಬರ್ ೧೯೬೨, ಭಾನುವಾರ

ಅಣ್ಣನಿಗೆ ನಮಸ್ಕಾರ.

ತಿಂಗಳ ಮೊದಲ ವಾರದಲ್ಲಿ ಇಲ್ಲಿ ಮಂಜು, ಹೊಗೆ ಎರಡೂ ಸೇರಿ ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಮೂವತ್ತು ಡಿಗ್ರಿ. ಮೂರು ವಾರದಿಂದ ನಾವು ಎಲ್ಲಿಗೂ ಹೋಗಿಲ್ಲ, ಅಮ್ಮನಿಗೆ ಹೇಳು. ಕಿಟಕಿಯ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದ್ದೇನೆ. ಇವರಿಗೂ ಈಗ ಬೆಳಿಗ್ಗೆ ತಲೆನೋವು. ಕಾರ್ಖಾನೆಯ ಎಣ್ಣೆ ವಾಸನೆಗೆ ಎನ್ನುತ್ತಾರೆ. ಶನಿವಾರ ಸುಮ್ಮನೆ ಕೂರುವ ಬದಲು ಹೆಚ್ಚಿನ ಕೆಲಸ ಒಪ್ಪಿಕೊಳ್ಳಲೇ ಎಂದು ಕೇಳುತ್ತಿದ್ದಾರೆ.

ವೆಂಕಟಲಕ್ಷ್ಮಿ

(ಮೂರನೆಯ ಮಡಿಕೆ)
ಅತ್ತಿಗೆ, ಮೊನ್ನೆ ಸ್ಟೂಲಿನಿಂದ ಏಳಲು ಹೋಗಿ ಬಿದ್ದೆ. ಕಾಲು ನನ್ನದಲ್ಲ ಎನ್ನುವಂತೆ ಇತ್ತು. ಇವರು ಹೆದರಿ, ಕೋಟು ಹೊದಿಸಿ ಕೆಳಗಿನ ಪಾರ್ಕಿಗೆ ಎತ್ತಿಕೊಂಡೇ ಹೋದರು. ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ತಲೆ ತಿಳಿಯಾಯಿತು, ಬಟಾಣಿ ಬೇಕೆಂದು ಕೇಳಿ ತಿಂದೆ. ಒಳಗೆ ಬಂದ ಮೇಲೆ ಮತ್ತೆ ಶುರು. ನನ್ನ ಮೈ ಹೊರಗೆ ಹೋಗು ಎನ್ನುತ್ತದೆ, ಅಮ್ಮ ಒಳಗಿರು ಎನ್ನುತ್ತಾಳೆ. ಯಾರ ಮಾತು ಕೇಳಲಿ? ನೀವೇ ಹೇಳಿ. ನೀವು ಹೇಳಿದ ಹಾಗೆ ಮಾಡುತ್ತೇನೆ.


ಕೋಗಿಲು
೨೮ ಡಿಸೆಂಬರ್ ೧೯೬೨

ಚಿ. ಸೌ. ವೆಂಕಟಲಕ್ಷ್ಮಿಗೆ ಆಶೀರ್ವಾದ.

ಅಲ್ಲಿ ಹಿಮ ಬೀಳುತ್ತಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಹುಷಾರು. ಅಮ್ಮ ನಿನ್ನ ಮೇಲೆ ಸಿಟ್ಟಾಗಿದ್ದಾಳೆ, ಏಕೆಂದು ನನಗೆ ಪೂರ್ತಿ ಹೇಳಿಲ್ಲ. ಅವಳ ಮಾತು:

"ಬಿದ್ದೋಳನ್ನ ಪಾರ್ಕ್‌ಗೆ ಒತ್ಕೊಂಡ್ ಓದ್ನಂತೆ! ಬುದ್ಧಿ ಬ್ಯಾಡ್ವಾ ಅವ್ನಿಗೆ? ಎಂಕ್ಟಿ, ಒಂದ್ ಸಂದೂ ಬಿಡ್ಬೇಡ. ಮೈದಾ ಅಂಟು ಮಾಡಿ ಪೇಪರ್ ಅಂಟ್ಸು. ನನ್ ಆಣೆ."

ಲಕ್ಕಣ್ಣ

(ಮೂರನೆಯ ಮಡಿಕೆ, ದೊಡ್ಡ ದೊಡ್ಡ ಅಕ್ಷರಗಳಲ್ಲಿ)
ವೆಂಕಟಲಕ್ಷ್ಮಿ ನನಗೆ ಇನ್ನೂ ಮಕ್ಕಳಾಗಿಲ್ಲ ನನಗೇನು ಗೊತ್ತು. ಅತ್ತೆ ಹೇಳಿದ ಹಾಗೆ ಕೇಳು. ಲಕ್ಕಮ್ಮ


ಕೋಗಿಲು
೧೦ ಜನವರಿ ೧೯೬೩, ಗುರುವಾರ

ವೆಂಕಟಲಕ್ಷ್ಮಿ,

ಈ ಪತ್ರ ಸಿಗುವ ಮೊದಲೇ ನನ್ನ ತಂತಿ ಸಿಕ್ಕಿರುತ್ತದೆ. ಆದರೂ ಕಾರಣ ಬರೆಯಬೇಕು.

ಇವತ್ತು ಬೆಳಿಗ್ಗೆ ಇಲ್ಲಿ ಐವತ್ತೆರಡು ಡಿಗ್ರಿ. ಹುಳ ಸಣ್ಣವು, ಶಾಖ ಬೇಕೆಂದು ಲಕ್ಕಮ್ಮ ಹುಳದ ಮನೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿಕೊಂಡು ಸೊಪ್ಪು ಹಾಕುತ್ತಿದ್ದಳು. ನಾನು ಕೆಲಸಕ್ಕೆ ಹೊರಟಾಗ ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು, ಮುಖ ಕೆಂಪಗಿತ್ತು.

"ಏನಮ್ಮಾ, ಮೂರನೇ ಮಡಿಕೆ ಸಮಾಚಾರವಾ?" ಎಂದು ತಮಾಷೆ ಮಾಡಿದೆ.

"ಅದೂ ಐತೆ. ಆದ್ರೆ ಇದು ಅದಲ್ಲ," ಎಂದಳು. "ಇದು ಉಳದ ಮನೆ ತಲೆನೋವು. ಕೆಂಡದ ಗಾಳಿ ಕುಡುದ್ರೆ ಇಂಗೇ. ನಮ್ ತವರಲ್ಲಿ ಎಲ್ರಿಗೂ ಗೊತ್ತು. ಒರಗೆ ಕುಂತ್ರೆ ಅರ್ಧ ಗಂಟೇಲಿ ಓಯ್ತದೆ. ಒಳಗೇ ಮಲಗಿದ್ರೆ ಎದ್ದೇಳಲ್ಲ." ಅಷ್ಟು ಹೇಳಿ ತಲೆಯಿಂದ ಕೈ ತೆಗೆದಳು. ಆಮೇಲೆ ಕೇಳಿದಳು: "ರೀ, ನಿಮ್ ತಂಗೀಗೂ ಒಳಗಿದ್ರೆ ನೋವು, ಒರಗೋದ್ರೆ ವಾಸಿ ಅಂತೆ. ಅಲ್ಲಿ ಕೆಂಡ ಇಲ್ವಲ್ಲಾ?"

ಮೂರನೆಯ ಮಡಿಕೆಗಳನ್ನೆಲ್ಲ ತೆಗೆದು ಓದಿದೆ. ಆಣೆ ಮುರಿದೆ, ಕ್ಷಮಿಸು. ಹಳದಿ ಉರಿ, ಕಪ್ಪು ಗೋಡೆ, ಗೂಡು ಕಟ್ಟಿದ ಹೊಗೆಗೂಡು ನನ್ನ ಮಡಿಕೆಯಲ್ಲಿದ್ದವು. ತಲೆನೋವು, ವಾಂತಿ, ಕೆಂಪು ಕೆನ್ನೆ ಅವಳ ಮಡಿಕೆಯಲ್ಲಿದ್ದವು. ಎರಡನ್ನೂ ಸೇರಿಸಿ ಓದಿದವರು ಈ ಮನೆಯಲ್ಲಿ ಯಾರೂ ಇರಲಿಲ್ಲ.

ಹೊಗೆಗೂಡು ಕಟ್ಟಿದರೆ ನಿಮ್ಮ ಗ್ಯಾಸಿನ ಒಲೆಯೂ ಆ ಕೆಂಡದ ಗಾಳಿಯನ್ನೇ ಕೋಣೆಗೆ ಬಿಡುತ್ತದೆ. ಅಮ್ಮ ಹೇಳಿದ್ದು ನಮ್ಮ ಹೆಂಚಿನ ಮನೆಗೆ. ಸಂದು ಮುಚ್ಚಿದರೂ ಮೇಲಿನಿಂದ ಗಾಳಿ ಆಡುತ್ತದೆ. ನಿನ್ನ ಕೋಣೆಗೆ ಆ ಕಿಟಕಿಯ ಸಂದೊಂದೇ ಗತಿ. ಸೀರೆ ತೆಗೆ. ಒಲೆ ಆರಿಸು. ಹೊರಗೆ ನಡೆ.

ಯಲಹಂಕದ ಅಂಚೆ ಕಚೇರಿಯಲ್ಲಿ ತಂತಿ ಬರೆದುಕೊಟ್ಟಾಗ ಅಂಚೆ ಮಾಸ್ತರು ನೂರುಲ್ಲಾ ಸಾಹೇಬರು ಕನ್ನಡಕ ತೆಗೆದು, "ಯಾರ್ ತೀರ್ಕೊಂಡ್ರು ಲಕ್ಕಣ್ಣಾ?" ಎಂದರು. "ಯಾರೂ ಇಲ್ಲ ಸಾಹೇಬ್ರೇ, ಯಾರೂ ತೀರ್ಕೋಬಾರ್ದು ಅಂತ ಕಳಿಸ್ತಿರೋದು," ಎಂದೆ. ಮನೆ ಯಜಮಾನನ ಹೆಸರಿಗೇ ಕಳಿಸುವುದು ಒಳ್ಳೆಯದೆಂದರು. ಭಾವನ ಹೆಸರಿಗೆ ಕಳಿಸಿದೆ: ಗ್ಯಾಸ್ ಆರಿಸಿ, ಕಿಟಕಿ ತೆರೆಯಿರಿ, ಹೊರಗೆ ಹೋಗಿ.

ತಲುಪಿದ ಕೂಡಲೇ ತಂತಿಯಲ್ಲೇ ಉತ್ತರ ಕಳಿಸಿ.

ಲಕ್ಕಣ್ಣ


ಬರ್ಮಿಂಗ್‌ಹ್ಯಾಮ್
೧೧ ಜನವರಿ ೧೯೬೩, ಶುಕ್ರವಾರ

ಅಣ್ಣನಿಗೆ, ಅಮ್ಮನಿಗೆ, ಅತ್ತಿಗೆಗೆ ನಮಸ್ಕಾರ.

ಹದಿನೆಂಟು ಡಿಗ್ರಿ. ಕೊಳಾಯಿಯ ನೀರು ಕಲ್ಲಾಗಿದೆ. ನಿಮ್ಮ ಪತ್ರ ಮಂಗಳವಾರ ಬಂತು. ಅಮ್ಮನಿಗೆ ಓದಿ ಹೇಳು: ಹೇಳಿದ ಹಾಗೇ ಮಾಡಿದ್ದೇನೆ. ಮೈದಾ ಅಂಟು ಕಾಸಿ ಕಿಟಕಿಯ ನಾಲ್ಕೂ ಕಡೆ ಪೇಪರು ಅಂಟಿಸಿದೆವು. ಬಾಗಿಲ ಕೆಳಗೆ ಕಂಬಳಿ ಸುತ್ತಿಟ್ಟಿದ್ದೇನೆ. ಒಂದು ಸಂದೂ ಬಿಟ್ಟಿಲ್ಲ. ಇವರು ನಾಳೆಯಿಂದ ಶನಿವಾರವೂ ಕೆಲಸಕ್ಕೆ ಹೋಗುತ್ತಾರೆ. ನಾನು ಒಲೆಯ ಮುಂದೆ ಬೆಚ್ಚಗಿರುತ್ತೇನೆ.

ಸೋಮವಾರ ಸಂಕ್ರಾಂತಿ. ಎಳ್ಳು, ಬೆಲ್ಲ ಎರಡೂ ಸಿಕ್ಕವು. ಕಬ್ಬು ಮಾತ್ರ ಇಲ್ಲ. ಮೊದಲಿನಂತಿದ್ದರೆ ಈ ಭಾನುವಾರ ಆ ಹೊಳೆ ಹೆಪ್ಪುಗಟ್ಟಿರುವುದನ್ನು ನೋಡಲು ಹೋಗುತ್ತಿದ್ದೆವು. ಹಂಸಗಳು ಎಲ್ಲಿಗೆ ಹೋದವೋ ಎಂದು ಇವರನ್ನು ಕೇಳುತ್ತಿರುತ್ತೇನೆ.

ವೆಂಕಟಲಕ್ಷ್ಮಿ

(ಮೂರನೆಯ ಮಡಿಕೆ ಖಾಲಿ)


ಬರ್ಮಿಂಗ್‌ಹ್ಯಾಮ್
೧೭ ಜನವರಿ ೧೯೬೩

ಭಾವನವರಿಗೆ ಮುನಿಶಾಮಪ್ಪನ ನಮಸ್ಕಾರ.

ನನ್ನ ತಂತಿ ನಿಮಗೆ ಹಬ್ಬದ ದಿನವೇ ತಲುಪಿರಬೇಕು. ಬರೆಯಬೇಕಾದದ್ದು ಇನ್ನೂ ಇದೆ. ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಸರಿ.

ಶನಿವಾರ ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹೊರಟೆ. ಅವಳ ಪತ್ರ ಡಬ್ಬಿಗೆ ಹಾಕಲೆಂದು ಕೈಯಲ್ಲಿತ್ತು. ಮನೆಯೊಡತಿ ಕೆಳಬಾಗಿಲಲ್ಲಿ ನಿಂತಿದ್ದಳು. ತಂತಿ ಹಿಂದಿನ ದಿನವೇ ಬಂದಿತ್ತಂತೆ, ಕೊಡಲು ಮರೆತಿದ್ದಳಂತೆ. ಊರ ಹೆಸರು ನೋಡಿದೆ. ನಮ್ಮ ಕಡೆ ತಂತಿ ಬರುವುದು ಒಂದೇ ವಿಷಯಕ್ಕೆ. ಅತ್ತೆಯವರು ಹೋದರೆಂದುಕೊಂಡೆ. ಮೇಲೆ ಬಸುರಿ. ಸೋಮವಾರ ಹಬ್ಬ. ಓದಿದರೆ ಸೂತಕ, ಮುಖದಲ್ಲಿ ಮುಚ್ಚಿಡಲು ನನಗೆ ಬರುವುದಿಲ್ಲ. ಹಬ್ಬ ಕಳೆದ ಮೇಲೆ ಓದೋಣವೆಂದು ಒಡೆಯದೆ ಕೋಟಿನ ಒಳಜೇಬಿಗೆ ಹಾಕಿದೆ. ಪತ್ರವನ್ನು ಡಬ್ಬಿಗೆ ಹಾಕಿ ಕೆಲಸಕ್ಕೆ ಹೋದೆ. ದಿನವಿಡೀ ಆ ಕೋಟು ನನ್ನ ಲೇತಿನಿಂದ ಹತ್ತು ಅಡಿ ದೂರದಲ್ಲಿ ಮೊಳೆಗೆ ನೇತಾಡುತ್ತಿತ್ತು.

ಸಂಜೆ ಬಂದು ತಟ್ಟಿದೆ. ಕಂಬಳಿ ಸಿಕ್ಕಿಕೊಂಡಿದ್ದರಿಂದ ಬಾಗಿಲು ಬೇಗ ಬರಲಿಲ್ಲ. ಒಲೆಯ ಮುಂದೆ ಮಲಗಿದ್ದಳು. ಮುಖ ಕೆಂಪಗಿತ್ತು, ನಿದ್ದೆ ಎಂದೇ ಅಂದುಕೊಂಡು ಎರಡು ಸಲ ಕರೆದೆ.

ಹೊಗೆಗೂಡು ಹಕ್ಕಿಯ ಗೂಡಿನಿಂದ ಪೂರ್ತಿ ಮುಚ್ಚಿತ್ತೆಂದು ಪೊಲೀಸರು ತೋರಿಸಿದರು. ಕಿಟಕಿಗೆ ಪೇಪರು ಏಕೆ ಅಂಟಿಸಿದಿರಿ ಎಂದು ಮೂರು ಸಲ ಕೇಳಿದರು. ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಡಾಕ್ಟರು ಇನ್ನೊಂದು ಮಾತು ಹೇಳಿದರು. ಹೊಟ್ಟೆಯಲ್ಲಿ ಮಗು ಇರಲೇ ಇಲ್ಲ.

ನೆಲ ಹೆಪ್ಪುಗಟ್ಟಿ ಅಗೆಯಲು ಬರುವಂತಿಲ್ಲ. ಸುಟ್ಟೆವು. ಬೂದಿಯನ್ನು ನಾನೇ ತರುತ್ತೇನೆ.

ತಂತಿಯನ್ನು ಆಮೇಲೆ ಓದಿದೆ.

ಮುನಿಶಾಮಪ್ಪ


ಕೋಗಿಲು
೩ ಫೆಬ್ರವರಿ ೧೯೬೩, ಭಾನುವಾರ

ಭಾವನವರಿಗೆ ಲಕ್ಕಣ್ಣನ ನಮಸ್ಕಾರ.

ನೀವು ತಂತಿಯನ್ನು ಒಡೆಯಲಿಲ್ಲ, ನಾನು ಮೂರನೆಯ ಮಡಿಕೆಯನ್ನು ತೆಗೆಯಲಿಲ್ಲ. ನಿಮ್ಮನ್ನು ದೂರುವ ಬಾಯಿ ನನಗಿಲ್ಲ.

ಈಗ ಇಲ್ಲಿಯ ವಿಷಯ. ಅಮ್ಮನಿಗೆ ನಾನು ಹೇಳಿರುವುದು ಥಂಡಿ ಹಿಡಿದು ಹೋದಳೆಂದು. ಕೋಣೆ, ಒಲೆ ಯಾವುದನ್ನೂ ಹೇಳಿಲ್ಲ. ಜನವರಿ ೨೨ರಂದು ಅವಳ ಕೊನೆಯ ಪತ್ರ ಬಂತು. ಅಮ್ಮ ಎದುರಿಗೆ ಕೂತು, "ಓದು" ಎಂದಳು. 'ಒಂದು ಸಂದೂ ಬಿಟ್ಟಿಲ್ಲ' ಎಂಬ ಸಾಲು ಕಣ್ಣಿಗೆ ಬಿತ್ತು. ಹದಿನಾಲ್ಕು ವರ್ಷದಿಂದ ಕಂಡದ್ದನ್ನು ಮಾತ್ರ ಬರೆದವನು ನಾನು. ಅವತ್ತು ಪತ್ರದಲ್ಲಿ ಇಲ್ಲದ್ದನ್ನು ಓದಿದೆ. ಭಾನುವಾರ ನೀವಿಬ್ಬರೂ ಹೆಪ್ಪುಗಟ್ಟಿದ ಹೊಳೆ ನೋಡಲು ಹೋಗಿದ್ದಿರಿ, ಹಂಸಗಳಿಗೆ ರೊಟ್ಟಿ ಹಾಕಿದಿರಿ, ಅವಳು ತುಂಬಾ ನಕ್ಕಳು ಎಂದು ಓದಿದೆ. ಶುಕ್ರವಾರ ಬರೆದ ಪತ್ರದಲ್ಲಿ ಭಾನುವಾರ ಹೇಗೆ ಬಂತೆಂದು ಕೇಳುವಷ್ಟು ಓದು ಅಮ್ಮನಿಗಿಲ್ಲ.

ಅಮ್ಮ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದಳು. ಆಮೇಲೆ, "ಕೇಳ್ಲಿಲ್ಲ ನೋಡು," ಎಂದಳು. "ಅಷ್ಟು ಬಡ್ಕೊಂಡೆ. ನನ್ ಮಾತ್ ಕೇಳಿ ಒಳಗಿದ್ದಿದ್ರೆ ಉಳ್ಕೊತಿದ್ಲು."

ಅವಳ ಎದೆ ಹಗುರಾಗುವುದಾದರೆ ಇರಲಿ ಎಂದುಕೊಂಡೆ.

ಲಕ್ಕಮ್ಮನಿಗೆ ಈಗ ಮೂರು ತಿಂಗಳು. ಹೋದ ಸೋಮವಾರ ಹೆಬ್ಬಾಳದಿಂದ ಬಂದಾಗ ಅಮ್ಮ ಹುಳದ ಮನೆಯಲ್ಲಿದ್ದಳು. ಎಂದೂ ಕಾಲಿಡದವಳು ಹುಳದ ತಟ್ಟೆಗಳನ್ನೆಲ್ಲ ಹೊರಗಿಟ್ಟು, ಚಾಪೆ ಹಾಕಿ, ಮೂಲೆಯಲ್ಲಿ ಅಗ್ಗಿಷ್ಟಿಕೆ ಇಟ್ಟು, ನನ್ನ ಹಳೆಯ ಪತ್ರಿಕೆಗಳನ್ನು ಕಿಟಕಿಗೆ ಅಂಟಿಸುತ್ತಿದ್ದಳು. "ತಾರ್ಸಿ ರೂಮು ಬೆಚ್ಚಗಿರ್ತದೆ. ಇದ್ರಲ್ಲೇ ಇರ್ಲಿ, ಬಾಣಂತನಾನೂ ಇಲ್ಲೇ. ಅವ್ಳು ಕೇಳ್ಲಿಲ್ಲ, ಇವ್ಳಾದ್ರೂ ಕೇಳ್ಲಿ," ಎಂದಳು. ಕಿತ್ತು ಹಾಕಿದೆ. ಮಂಗಳವಾರ ಸಂಜೆ ಮತ್ತೆ ಅಂಟಿಸಿತ್ತು. ಆರು ದಿನದಿಂದ ಬೆಳಿಗ್ಗೆ ನಾನು ಕೀಳುತ್ತೇನೆ, ಸಂಜೆಗೆ ಅಮ್ಮ ಅಂಟಿಸಿರುತ್ತಾಳೆ. ಊರ ಬಸುರಿಯರಿಗೆಲ್ಲ ಇದನ್ನೇ ಹೇಳುತ್ತಿದ್ದಾಳೆ. ಮಗಳನ್ನು ಕಳೆದುಕೊಂಡವಳ ಮಾತು, ಎಲ್ಲರೂ ತಲೆಯಾಡಿಸುತ್ತಾರೆ. ದೊಡ್ಡಮುನಿಯಮ್ಮನ ಬಸುರಿ ಸೊಸೆ ನಿನ್ನೆ ಅಂಟಿಗೆಂದು ಮೈದಾ ಕೇಳಿಕೊಂಡು ಹೋದಳು.

ಲಕ್ಕಮ್ಮ ಮಾತ್ರ, "ಅತ್ತೆಗೆ ಏಳ್ಬೇಡಿ, ತಡ್ಕೊಳಲ್ಲ. ನಾನೇ ಎದ್ದು ಬಾಗ್ಲು ತೆಕ್ಕೊತೀನಿ," ಎನ್ನುತ್ತಾಳೆ. ಈಗ ಎದ್ದು ತೆಗೆಯುವ ಶಕ್ತಿ ಇದೆ. ಹೆತ್ತ ಮಾರನೆಯ ದಿನ ಇರುವುದಿಲ್ಲ.

ಇವತ್ತು ಭಾನುವಾರ, ನನಗೆ ರಜ. ಈ ಪತ್ರ ಬರೆಯುವಾಗ ಹಿತ್ತಿಲಲ್ಲಿ ಅಂಟು ಕಾಸುವ ವಾಸನೆ ಬರುತ್ತಿತ್ತು. ವೆಂಕಟಲಕ್ಷ್ಮಿಯ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಅಮ್ಮನನ್ನು ಕೂಗಿದೆ. "ಅವತ್ತು ಸರಿಯಾಗಿ ಓದ್ಲಿಲ್ಲಮ್ಮ. ಇನ್ನೊಂದ್ಸಾರಿ ಓದ್ತೀನಿ, ಬಾ," ಎಂದೆ.

ಅಮ್ಮ ಕೈಯ ಅಂಟು ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಎದುರಿಗೆ ಕೂತಿದ್ದಾಳೆ. "ಅಂಸದ್ ಇಸ್ಯ ಮೊದ್ಲು ಓದು," ಎನ್ನುತ್ತಿದ್ದಾಳೆ.

ಮಡಿಕೆ ಬಿಡಿಸುತ್ತಿದ್ದೇನೆ.

ಲಕ್ಕಣ್ಣ